ಸ್ವಾಪ್‌ಗೆ ಕಸೂತಿ ಬುಕ್‌ಮಾರ್ಕ್: ಅಸ್ತರ್ ಬೇಕೋ ಬ್ಯಾಡೋ?

ಧಾರವಾಡದ ಸೂಜಿ:
ನಮ್ಮ ಗುಂಪಿನ ದೀಪಾವಳಿ ಸ್ವಾಪ್‌ಗೆ (ಕೈಲೆ ಮಾಡಿದ್ದನ್ನ ಒಬ್ರಿಗೊಬ್ರು ಅದಲು-ಬದಲು ಮಾಡ್ಕೊಳ್ಳೂದು) ಬುಕ್‌ಮಾರ್ಕ್ ಹಾಕಲಿಕ್ಕತ್ತೀನಿ. ಎಳಿ ಎಣಿಸಲಿಕ್ಕೆ ಬರೂ ಬಿಳಿ ಮ್ಯಾಟಿ ಬಟ್ಟಿ ಮ್ಯಾಲೆ ಕೆಂಪು ದಾರದಾಗ ಗೋಪುರ, ಕೆಳಗ ತುಳಸಿಕಟ್ಟಿ. ಕಸೂತಿಯ ಗವಂತಿ, ಮುರ್ಗಿ ಹೊಲಿಗಿ ಎರಡೂ ಹಿಂದ-ಮುಂದ ಒಂದ ಥರ ಕಾಣ್ತಾವ, ಅದನ್ನ ಮುಚ್ಚಲಿಕ್ಕೆ ಮನಸ್ಸ ಬರವಲ್ದು. ಅಸ್ತರ್ ಹಚ್ಚಲಿಲ್ಲಂದ್ರ ಅಂಚಿನ ಎಳಿ ಬಿಚ್ಚತಾವ. ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟಿ) ತುಂಡು ಅದಾವ, ಹಚ್ಚಲೇನು? ಇನ್ನೊಂದು: ಇಷ್ಟು ಎಳಿ ಎಣಿಸಿ ಹಾಕಿದ್ದಕ್ಕ ಎದುರಿಂದ ಅಂಟಿಸಿದ ಕಾಗದದ ಹೂ ಬಂದ್ರ ಸುಮ್ನಿರ್ತೀರೇನು?

ಮೈಸೂರು ಕ್ರೋಶ:
ಮುಚ್ಚಬೇಡಿ ಅಕ್ಕಾ! ಚಿತ್ರದ ಸುತ್ತ ಅರ್ಧ ಇಂಚು ಬಿಟ್ಟು ಒಂದು ಸಾಲು ಹೊಲಿಗೆ ಹಾಕಿ, ಅದರಾಚೆಯ ಎಳೆಗಳನ್ನ ಒಂದೊಂದಾಗಿ ಎಳೆದುಬಿಡಿ. ತಾನಾಗೇ ಕುಚ್ಚು ಬರುತ್ತೆ, ಹೊಲಿಗೆಯಿಂದ ಒಳಗೆ ಬಿಚ್ಚಲ್ಲ.

ಚೂರುಪಾರು:
ಖಣ ಹಚ್ಚಿದ್ರೆ ದಪ್ಪ ಆಗಿ ಪುಸ್ತಕ ಉಬ್ಬುತ್ತೆ. ಅದನ್ನ ಸೂಜಿ ಸಿಕ್ಕಿಸೋ ಪುಟ್ಟ ಪುಸ್ತಕದ ಹೊದಿಕೆಗೆ ಇಟ್ಕೊಳ್ಳಿ; ಹೊಲಿಯೋರಿಗೆ ಅದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ. ಕೆಂಪು ದಾರ ಬಣ್ಣ ಬಿಡುತ್ತಾ ಅಂತ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಕಾಗದದ ಹೂವಿನ ವಿಷಯ: ಮುಂದಿನ ಸಲ ‘ಸೂಜಿ ಕೆಲಸಕ್ಕೆ ಸೂಜಿ ಕೆಲಸ’ ಅಂತ ನಿಯಮದಲ್ಲೇ ಬರೆಸಿ. ಬಂದಮೇಲೆ ಮುಖ ಗಂಟು ಹಾಕ್ಕೊಂಡ್ರೆ ಪ್ರಯೋಜನವಿಲ್ಲ.

ಧಾರವಾಡದ ಸೂಜಿ:
ಕುಚ್ಚ ಬಿಡ್ತೀನ್ರಿ. ನೇಗಿ, ಮೆಂತಿ ಹೊಲಿಗಿ ಹಾಕಿದ ತುಂಡಿಗಷ್ಟ ತೆಳ್ಳನ ವಾಯಲ್ ಅಸ್ತರ್, ಅವುಗಳ ಹಿಂಬದಿ ಹೆಂಗೂ ಮುಂದಿನಂಗ ಬರೂದಿಲ್ಲ. ನಿಯಮ ಬರೆಸೂ ಕೆಲಸ ನೀವ ವಹಿಸ್ಕೋರಿ, ನಾ ಹೇಳಿದ್ರ ಜಗಳ ಅಂತಾರ.