ಸಹಾಯ ಬೇಕು: ಸೇನೆಯಲ್ಲಿರುವ ತಮ್ಮನ ವಿಷಯ

ನಮಸ್ಕಾರ, ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದವಳು. ನನ್ನ ತಮ್ಮ ಸೇನೆಯಲ್ಲಿ ಜವಾನ. ರೇಷನ್ ಸಾಮಾನು ಹೊರಗೆ ಮಾರಾಟವಾಗುತ್ತಿದೆ ಎಂದು ಮೇಲಿನವರಿಗೆ ಬರೆದುಕೊಟ್ಟ. ಅಂದಿನಿಂದ ಅವನಿಗೆ ರಜೆ ಇಲ್ಲ. ಸುಳ್ಳು ದೂರು ಅಂತ ಅವನ ಮೇಲೇ ಕೇಸು ಹಾಕುವ ಬೆದರಿಕೆ ಬೇರೆ. ಕದ್ದವರು ಆರಾಮಾಗಿದ್ದಾರೆ!

ದೂರು ಕೊಟ್ಟವರನ್ನು ಕಾಪಾಡುವ 2014ರ ಕಾಯ್ದೆ ಇನ್ನೂ ಜಾರಿಗೆ ಬಂದಿಲ್ಲ. 1950ರ ಸೇನಾ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಜವಾನ ತನಗಾದ ಅನ್ಯಾಯ ಹೇಳಿಕೊಳ್ಳಬಹುದು. ದೂರು ತನ್ನ ಅಧಿಕಾರಿಯ ಮೇಲೇ ಇದ್ದರೆ ಅವರ ಮೇಲಿನವರಿಗೆ ಕೊಡಬಹುದು. ಕೊಚ್ಚಿಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಇದೆ, ಆದರೆ ರಜೆ, ವರ್ಗಾವಣೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾಟ ಕೊಡುವುದು ರಜೆ, ವರ್ಗಾವಣೆಯಲ್ಲೇ ಅಲ್ವಾ? ಹೈಕೋರ್ಟಿಗೇ ಹೋಗಬೇಕಾ?

ಇಂಥ ಕೇಸು ನಡೆಸಿದ, ಕನ್ನಡ ಬಲ್ಲ ವಕೀಲರು ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬರೆಯಿರಿ. ನಿವೃತ್ತ ಸೈನಿಕರೂ ತಿಳಿಸಿ. ಅವನ ಹೆಸರು, ಯೂನಿಟ್ ಇಲ್ಲಿ ಕೇಳಬೇಡಿ.