ಪಿಯುಸಿ ನಂತರ ಅಮೆರಿಕದ ಕಮ್ಯುನಿಟಿ ಕಾಲೇಜು: ಮಗಳನ್ನು ಕಳುಹಿಸಬಹುದೇ?

ಪ್ರಶ್ನೆ ಕೇಳಿದವರು: ಮಂಡ್ಯದ ಪೋಷಕ

ಮಾನ್ಯರೇ, ನನ್ನ ಮಗಳು ಈ ವರ್ಷ ಮಂಡ್ಯದಲ್ಲಿ ದ್ವಿತೀಯ ಪಿಯುಸಿಯನ್ನು ವಿಜ್ಞಾನ ವಿಭಾಗದಲ್ಲಿ ಮುಗಿಸಿದ್ದಾಳೆ. ಕಂಪ್ಯೂಟರ್ ಸೈನ್ಸ್ ಓದಬೇಕೆಂಬುದು ಅವಳ ಆಸೆ. ಸಿಇಟಿಯಲ್ಲಿ ಬಂದಿರುವ ರ‍್ಯಾಂಕ್‌ಗೆ ಅವಳು ಬಯಸಿದ ಕಾಲೇಜುಗಳಲ್ಲಿ ಸೀಟು ಸಿಗುವುದು ಅನುಮಾನ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ನನ್ನ ತಮ್ಮನು, "ಅಣ್ಣ, ಎರಡು ವರ್ಷ ಇಲ್ಲಿನ ಕಮ್ಯುನಿಟಿ ಕಾಲೇಜಿಗೆ ಸೇರಿಸು, ಆಮೇಲೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಮೂರನೇ ವರ್ಷಕ್ಕೆ ನೇರವಾಗಿ ಹೋಗಬಹುದು, ನಮ್ಮ ಮನೆಯಲ್ಲೇ ಇರುತ್ತಾಳೆ" ಎಂದು ಒತ್ತಾಯಿಸುತ್ತಿದ್ದಾನೆ. ಇಲ್ಲಿನ ನೆಂಟರು ಮಾತ್ರ "ಕಮ್ಯುನಿಟಿ ಕಾಲೇಜು ಎಂದರೆ ಎಲ್ಲೂ ಸೀಟು ಸಿಗದವರು ಸೇರುವ ಜಾಗ" ಎನ್ನುತ್ತಿದ್ದಾರೆ.

ನನಗಿರುವ ಅನುಮಾನಗಳು ಇವು. ಅಲ್ಲಿ ಕೊಡುವ ಎರಡು ವರ್ಷದ ಪದವಿಗೆ ನಮ್ಮಲ್ಲಿ ಬೆಲೆಯಿದೆಯೇ? ತಮ್ಮ ಅಲ್ಲೇ ತೆರಿಗೆ ಕಟ್ಟುತ್ತಿರುವುದರಿಂದ ಶುಲ್ಕ ಕಡಿಮೆಯಾಗುತ್ತದೆಯೇ? ಹಾಜರಾತಿ, ಪರೀಕ್ಷೆ, ಕಾಲೇಜಿನ ದಿನಚರಿ ಹೇಗಿರುತ್ತವೆ? ನನಗಿರುವುದು ಸಹಕಾರಿ ಬ್ಯಾಂಕಿನ ಸಂಬಳ ಮತ್ತು ವಿ.ಸಿ. ನಾಲೆಯ ಕೆಳಗಿನ ಸ್ವಲ್ಪ ಗದ್ದೆ. ತಪ್ಪು ಹೆಜ್ಜೆ ಇಟ್ಟು ತಿದ್ದಿಕೊಳ್ಳುವಷ್ಟು ಅನುಕೂಲ ನಮಗಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸರಸ್ವತಿಪುರಂ ನಿವಾಸಿ

ಸರ್, ನಾನು ಮೈಸೂರಿನಲ್ಲಿ ಪಿಯುಸಿ ಮುಗಿಸಿ, ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ನಂತರ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್ ಕ್ಯಾಂಪಸ್‌ನಲ್ಲಿ ಪದವಿ ಪಡೆದವಳು. ಈಗ ಮೈಸೂರಿನಲ್ಲೇ ಕೆಲಸದಲ್ಲಿದ್ದೇನೆ. ನಿಮ್ಮ ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಕಾಲೇಜುಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಒಳಗೆ ಹೋದ ಮೇಲೆ ಪಾಠ ಸುಲಭವಿರುತ್ತದೆ ಎಂದುಕೊಳ್ಳಬಾರದು, ಅಷ್ಟೆ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಈ ಪದ್ಧತಿಯ ಕಾಲೇಜುಗಳು ಇಂದು ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ.

ಮೊದಲು ಶುಲ್ಕದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಅಲ್ಲಿ ಪ್ರತಿ ವಿಷಯದ ಓದಿನ ಹೊರೆಯನ್ನು ಯೂನಿಟ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಆ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕವಿದೆ. ನಿಮ್ಮ ತಮ್ಮನವರ ಮನಸ್ಸಿನಲ್ಲಿರುವುದು ಬಹುಶಃ ಆ ಲೆಕ್ಕವೇ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವವರು ಚಿಕ್ಕಪ್ಪನ ಮನೆಯಲ್ಲಿ ಎಷ್ಟೇ ವರ್ಷ ಇದ್ದರೂ ಶುಲ್ಕದ ದೃಷ್ಟಿಯಿಂದ ಹೊರಗಿನವರೇ, ಮತ್ತು ಹೊರಗಿನವರಿಗೆ ಅದರ ಆರು ಪಟ್ಟಿಗೂ ಮೀರಿ ಬೀಳುತ್ತದೆ. ಆದರೂ ಮೊದಲಿನಿಂದಲೇ ವಿಶ್ವವಿದ್ಯಾಲಯಕ್ಕೆ ಸೇರುವುದಕ್ಕಿಂತ ಇದು ಬಹಳ ಕಡಿಮೆ. ಚಿಕ್ಕಪ್ಪನ ಮನೆಯಿಂದ ಉಳಿಯುವುದು ಬಾಡಿಗೆ ಮತ್ತು ಊಟದ ಖರ್ಚು. ಈ ಕಾಲೇಜುಗಳಲ್ಲಿ ಹೆಚ್ಚಿನವಕ್ಕೆ ಹಾಸ್ಟೆಲ್ ಇಲ್ಲದಿರುವುದರಿಂದ ಅದು ಸಣ್ಣ ಉಳಿತಾಯವೇನಲ್ಲ.

ಇನ್ನು ಓದಿನ ಕ್ರಮ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಮೂರನೇ ವರ್ಷಕ್ಕೆ ಹೋಗಲು 60 ಸೆಮಿಸ್ಟರ್ ಯೂನಿಟ್‌ಗಳು ಬೇಕು. ಕ್ಯುಪರ್ಟಿನೋದ ಡಿ ಆಂಜಾ ಕಾಲೇಜಿನಂತೆ ವರ್ಷವನ್ನು ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಾಗಿ ಭಾಗಿಸುವ ಕ್ವಾರ್ಟರ್ ಪದ್ಧತಿಯಲ್ಲಿ ನಡೆಯುವ ಕಡೆ ಅದೇ 90 ಯೂನಿಟ್ ಆಗುತ್ತದೆ. ಹೊರರಾಜ್ಯ, ಹೊರದೇಶದವರಿಗೆ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, ಕನಿಷ್ಠ 2.8 ಇರಬೇಕು. ಅದು ಅರ್ಜಿ ಹಾಕುವುದಕ್ಕೆ ಮಾತ್ರ ಸಾಕು, ಸೀಟು ಸಿಗುವುದಕ್ಕೆ ಸಾಲದು. ಟ್ಯಾಗ್ ಎಂಬ ಒಂದು ವ್ಯವಸ್ಥೆಯಿದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಎಂಬ ಆರು ಕ್ಯಾಂಪಸ್‌ಗಳ ಪೈಕಿ ಒಂದನ್ನು ಆರಿಸಿಕೊಂಡು, ಅದು ಹೇಳಿದ ವಿಷಯಗಳನ್ನು ಹೇಳಿದ ಅಂಕಗಳೊಂದಿಗೆ ಮುಗಿಸಿದರೆ ಪ್ರವೇಶ ಖಾತ್ರಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿ ಇಲ್ಲ. ನಿಮ್ಮ ಮಗಳಿಗೆ ಮುಖ್ಯವಾದ ಸಂಗತಿಯೆಂದರೆ, ಕಂಪ್ಯೂಟರ್ ಸೈನ್ಸ್‌ನಂಥ ನೂಕುನುಗ್ಗಲಿನ ವಿಷಯಗಳನ್ನು ಕೆಲವು ಕ್ಯಾಂಪಸ್‌ಗಳು ಈ ಖಾತ್ರಿಯಿಂದಲೇ ಹೊರಗಿಟ್ಟಿವೆ. ಟ್ಯಾಗ್ ಅರ್ಜಿಯನ್ನು ಎರಡನೇ ವರ್ಷದ ಆರಂಭದಲ್ಲಿ, ಸೆಪ್ಟೆಂಬರ್ ತಿಂಗಳೊಳಗೆ ಹಾಕಬೇಕಾಗಿರುವುದರಿಂದ, ಯಾವ ಕ್ಯಾಂಪಸ್, ಯಾವ ವಿಷಯ ಎಂಬುದನ್ನು ಮೊದಲ ಸೆಮಿಸ್ಟರ್‌ನಲ್ಲೇ ಕೌನ್ಸಿಲರ್ ಜೊತೆ ಕುಳಿತು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು. "ಮೊದಲು ಸೇರೋಣ, ಆಮೇಲೆ ನೋಡೋಣ" ಎಂದವರು ಮೂರು ವರ್ಷ ಅಲ್ಲೇ ಉಳಿದದ್ದನ್ನು ನಾನು ನೋಡಿದ್ದೇನೆ.

ದಿನಚರಿಯ ಬಗ್ಗೆ ಕೇಳಿದ್ದೀರಿ. ನನ್ನ ಸ್ಟ್ಯಾಟಿಸ್ಟಿಕ್ಸ್ ತರಗತಿಯಲ್ಲಿ ಎಡಕ್ಕೆ ಅರವತ್ತು ದಾಟಿದ ಹಿರಿಯರೊಬ್ಬರು ಕೂರುತ್ತಿದ್ದರು, ಬಲಕ್ಕೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಯುವಕ. ಮೊದಲ ದಿನವೇ ಅಧ್ಯಾಪಕರು ಸಿಲಬಸ್ ಕೈಗಿತ್ತರು. ಅದು ನಮ್ಮಲ್ಲಿಯಂತೆ ಪಾಠಗಳ ಪಟ್ಟಿಯಲ್ಲ. ಯಾವ ತಾರೀಖು ಯಾವ ಟೆಸ್ಟ್, ಮನೆಗೆಲಸ ಒಂದು ದಿನ ತಡವಾದರೆ ಎಷ್ಟು ಅಂಕ ಕಡಿತ, ನಕಲು ಮಾಡಿದರೆ ಏನು ಕ್ರಮ ಎಂಬುದೆಲ್ಲ ಕರಾರುಪತ್ರದಂತೆ ಅದರಲ್ಲಿತ್ತು. ವಾರವಾರವೂ ಅಂಕ ಸೇರುತ್ತಾ ಹೋಗುವುದರಿಂದ, ಕೊನೆಯ ಹದಿನೈದು ದಿನ ನಿದ್ದೆಗೆಟ್ಟು ಓದುವ ನಮ್ಮ ವಿದ್ಯೆ ಅಲ್ಲಿ ನಡೆಯುವುದಿಲ್ಲ.

ನಾನು ಕಷ್ಟಪಟ್ಟದ್ದು ಪಾಠದಲ್ಲಿ ಅಲ್ಲ, ಆಫೀಸ್ ಅವರ್ಸ್‌ನಲ್ಲಿ. ಅಧ್ಯಾಪಕರು ವಾರಕ್ಕೆ ಇಷ್ಟು ಹೊತ್ತು ಕೊಠಡಿಯ ಬಾಗಿಲು ತೆರೆದಿಟ್ಟು ವಿದ್ಯಾರ್ಥಿಗಳಿಗಾಗಿ ಕಾಯುತ್ತಾರೆ. ಮೈಸೂರಿನಲ್ಲಿ ಸ್ಟಾಫ್ ರೂಮಿಗೆ ಕರೆದರಷ್ಟೇ ಹೋಗಿ ಅಭ್ಯಾಸವಾಗಿದ್ದ ನಾನು, ಐದು ವಾರ ನೋಟ್‌ಬುಕ್ ಎದೆಗವಚಿಕೊಂಡು ಆ ಬಾಗಿಲ ಮುಂದೆ ಓಡಾಡಿ ವಾಪಸಾಗಿದ್ದೇನೆ. ಆರನೇ ವಾರ ಅವರೇ ತಲೆ ಹೊರಗೆ ಹಾಕಿ ಒಳಗೆ ಕರೆದರು. ಕೊನೆಗೆ ನನ್ನ ವರ್ಗಾವಣೆಯ ಅರ್ಜಿಯನ್ನು ಸಾಲುಸಾಲಾಗಿ ಓದಿ ತಿದ್ದಿಕೊಟ್ಟವರೂ ಅವರೇ. ಮಗಳಿಗೆ ಈ ಒಂದು ಮಾತನ್ನು ಈಗಲೇ ಹೇಳಿಕೊಡಿ.

ಸಂಜೆಯಾದರೆ ವಾಹನ ನಿಲುಗಡೆ ಖಾಲಿಯಾಗಿ ಕ್ಯಾಂಪಸ್ ಭಣಗುಟ್ಟುತ್ತದೆ. ಮಹಾರಾಜ ಕಾಲೇಜಿನ ಮರದಡಿಯ ಹರಟೆಯಂಥದ್ದನ್ನು ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಸಂಘ, ಕ್ಲಬ್ಬುಗಳಿಗೆ ತಾನಾಗಿ ಹೋಗಿ ಸೇರಿಕೊಳ್ಳಬೇಕು.

ಉತ್ತರ 2: ವಿಜಯನಗರದ ಒಬ್ಬ ತಾಯಿ

ಮೇಲಿನ ಉತ್ತರ ಚೆನ್ನಾಗಿದೆ. ಆದರೆ ನಿಯಮಗಳ ವಿಷಯವನ್ನು ಅವರು ಹೆಚ್ಚು ಮುಟ್ಟಿಲ್ಲ, ಮತ್ತು ನಮ್ಮ ಮನೆ ಸುಟ್ಟುಕೊಂಡದ್ದು ಅದರಲ್ಲಿಯೇ ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮಗನನ್ನು ಕಳುಹಿಸಿದ ಏಜೆಂಟ್ "ಅಲ್ಲಿ ಯಾರೂ ಹಾಜರಿ ಕೂಗುವುದಿಲ್ಲ, ಆರಾಮವಾಗಿರಬಹುದು" ಎಂದಿದ್ದರು. ಹಾಜರಿ ಕೂಗದಿರುವುದು ಕೆಲವು ತರಗತಿಗಳಲ್ಲಿ ನಿಜವೇ. ಆದರೆ ಎಫ್-1 ವೀಸಾದವರು ಪ್ರತಿ ಸೆಮಿಸ್ಟರ್‌ನಲ್ಲೂ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ಅಂದರೆ ಕನಿಷ್ಠ 12 ಯೂನಿಟ್ ಓದುತ್ತಿರಬೇಕು. ಆ ಲೆಕ್ಕಕ್ಕೆ ಆನ್‌ಲೈನ್ ತರಗತಿ ಒಂದು ಮಾತ್ರ ಸೇರುತ್ತದೆ. ಮಗ ತೆಗೆದುಕೊಂಡದ್ದು ಸರಿಯಾಗಿ ಹನ್ನೆರಡೇ. ಕೆಮಿಸ್ಟ್ರಿಯಲ್ಲಿ ಅಂಕ ಕುಸಿದಾಗ, ಗೆಳೆಯರ ಮಾತು ಕೇಳಿ, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಅದನ್ನು ಬಿಟ್ಟುಬಿಟ್ಟ. ಅಂಕಪಟ್ಟಿಯಲ್ಲಿ ಎಫ್ (ಫೇಲ್) ಬದಲು ಡಬ್ಲ್ಯೂ (ವಿಷಯ ಬಿಟ್ಟದ್ದು) ಬರುತ್ತದೆ, ಜಿಪಿಎಗೆ ಪೆಟ್ಟಿಲ್ಲ ಎಂಬ ಖುಷಿಯಲ್ಲಿದ್ದ. ಯೂನಿಟ್ ಹನ್ನೆರಡಕ್ಕಿಂತ ಕೆಳಗಿಳಿಯಿತು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಹೊರದೇಶದ ವಿದ್ಯಾರ್ಥಿಗಳ ಕಚೇರಿಯಲ್ಲಿ ಮೊದಲೇ ಕೇಳಿದ್ದರೆ, ವೈದ್ಯಕೀಯ ಕಾರಣದಂಥವಕ್ಕೆ ಅನುಮತಿ ಪಡೆಯುವ ದಾರಿಯಾದರೂ ಇದೆಯೋ ನೋಡಬಹುದಿತ್ತು. ಕೇಳದೆ ಬಿಟ್ಟದ್ದರಿಂದ ಅವನ ವಿದ್ಯಾರ್ಥಿ ಸ್ಥಾನಮಾನವೇ ರದ್ದಾಗಿ, ಮೈಸೂರಿಗೆ ಮರಳಿ, ಪ್ರವೇಶ ಸಿಕ್ಕಿದೆಯೆಂದು ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರವನ್ನು ಹೊಸದಾಗಿ ತರಿಸಿಕೊಂಡು, ಹೊರದೇಶದ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಯಾದ ಸೆವಿಸ್‌ನ 350 ಡಾಲರ್ ಶುಲ್ಕವನ್ನು ಎರಡನೇ ಸಲ ಕಟ್ಟಿ, ಚೆನ್ನೈಗೆ ವೀಸಾ ಸಂದರ್ಶನಕ್ಕೆ ಮತ್ತೆ ಹೋಗಬೇಕಾಯಿತು. ಆ ಏಳು ತಿಂಗಳು ಮನೆಯಲ್ಲಿ ಟಿ.ವಿ. ಹಚ್ಚಲೂ ಯಾರಿಗೂ ಮನಸ್ಸಿರಲಿಲ್ಲ.

ಕೆಲಸದ ಬಗ್ಗೆಯೂ ಒಂದು ಮಾತು. ತರಗತಿಗಳು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಹೊರಗಿನ ಅಂಗಡಿ, ಹೋಟೆಲುಗಳಲ್ಲಿ ಕೈಗೆ ಕಾಸು ಕೊಡುತ್ತಾರೆ ಎಂದು ಹೇಳುವವರು ಸಿಗುತ್ತಾರೆ. ಮಗಳು ಆ ಕಡೆ ತಿರುಗಿಯೂ ನೋಡಬಾರದು.

ಉತ್ತರ 3: ಮೈಸೂರಿನ ಕಾಲೇಜು ಅಧ್ಯಾಪಕ

ಇಬ್ಬರೂ ಅನುಭವದಿಂದ ಬರೆದಿದ್ದಾರೆ. ನಾನು ಇಲ್ಲಿನ ದೃಷ್ಟಿಯಿಂದ ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ.

ನೆಂಟರ ಗೊಂದಲಕ್ಕೆ ಕಾರಣವಿದೆ. ನಮ್ಮ ದೇಶದಲ್ಲೂ ಕಮ್ಯುನಿಟಿ ಕಾಲೇಜುಗಳಿವೆ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಆರಂಭಿಸಿದ್ದು ಮೊದಲನೆಯದು. ಮುಂದೆ ಯುಜಿಸಿಯ ಯೋಜನೆಯಡಿ ಹಲವು ಕಾಲೇಜುಗಳಲ್ಲಿ ಶೇ 60ರಷ್ಟು ಕೌಶಲ ತರಬೇತಿ, ಶೇ 40ರಷ್ಟು ಸಾಮಾನ್ಯ ಶಿಕ್ಷಣವಿರುವ ಡಿಪ್ಲೊಮಾ, ಅಡ್ವಾನ್ಸ್ಡ್ ಡಿಪ್ಲೊಮಾ ಕೋರ್ಸುಗಳು ಬಂದವು. ಅವುಗಳ ಗುರಿ ಬೇಗ ಕೆಲಸಕ್ಕೆ ಸೇರುವುದು. ಅಮೆರಿಕದಲ್ಲಿ ಅಂಥ ವೃತ್ತಿ ಕೋರ್ಸುಗಳ ಜೊತೆಗೆ ವಿಶ್ವವಿದ್ಯಾಲಯಕ್ಕೆ ದಾಟಿಸುವ ಸೇತುವೆಯೂ ಇದೆ. ಹೆಸರು ಒಂದೇ ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದರೆ ನಿಮ್ಮ ಮೊದಲ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲ. ನಮ್ಮಲ್ಲಿ ಪದವಿ ಎಂದರೆ ಕನಿಷ್ಠ ಮೂರು ವರ್ಷ. 2021ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಕ್ರಮವನ್ನು 2024ರಲ್ಲಿ ಕೈಬಿಟ್ಟ ಮೇಲೆ ಮತ್ತೆ ಮೂರು ವರ್ಷಕ್ಕೇ ಬಂದಿದ್ದೇವೆ. ಅಲ್ಲಿನ ಎರಡು ವರ್ಷದ ಅಸೋಸಿಯೇಟ್ ಪದವಿಯನ್ನಷ್ಟೇ ಹಿಡಿದು ಬಂದರೆ ಇಲ್ಲಿ ಎಂಎಸ್ಸಿಗಾಗಲಿ ಪದವಿ ಕೇಳುವ ಸರ್ಕಾರಿ ಹುದ್ದೆಗಾಗಲಿ ಅದು ಸಾಲದು. ಅಂದರೆ ನೀವು ಲೆಕ್ಕ ಹಾಕಬೇಕಾದದ್ದು ಎರಡು ವರ್ಷದ ಅಗ್ಗದ ಶುಲ್ಕವನ್ನಲ್ಲ, ನಾಲ್ಕು ವರ್ಷದ್ದನ್ನು. ಮೂರು ಮತ್ತು ನಾಲ್ಕನೇ ವರ್ಷದಲ್ಲಿ ಕಟ್ಟಬೇಕಾಗುವುದು ವಿಶ್ವವಿದ್ಯಾಲಯದ ಶುಲ್ಕ, ಅದೂ ಹೊರದೇಶದವರ ದರದಲ್ಲಿ. ಆ ಹಣಕ್ಕೆ ಈಗಲೇ ದಾರಿ ಕಾಣದಿದ್ದರೆ, ಯುವರಾಜ ಅಥವಾ ಮಹಾರಾಣಿ ಕಾಲೇಜಿನಲ್ಲಿ, ಇಲ್ಲವೇ ನಿಮ್ಮ ಮಂಡ್ಯದಲ್ಲೇ ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಹೊರಗೆ ಹೋಗುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹದಿನೆಂಟು ವರ್ಷಕ್ಕೇ ಹೋಗಲೇಬೇಕೆಂಬ ಆತುರ ನನಗಂತೂ ಅರ್ಥವಾಗುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಈ ವಾರ ನಾವು ನಾಲ್ಕು ವರ್ಷದ ಲೆಕ್ಕವನ್ನು ಕಾಗದದ ಮೇಲೆ ಹಾಕಿದೆವು. ಐ-20 ಪತ್ರಕ್ಕೆ ಒಂದು ವರ್ಷದ ಖರ್ಚಿನಷ್ಟು ಹಣ ತೋರಿಸಬೇಕಾಗಿದ್ದು, ಗದ್ದೆಯ ಪಹಣಿ ಲೆಕ್ಕಕ್ಕೆ ಬರುವುದಿಲ್ಲ, ಉಳಿತಾಯ ಖಾತೆ, ಠೇವಣಿ ಅಥವಾ ಮಂಜೂರಾದ ಸಾಲದ ಪತ್ರವೇ ಬೇಕು ಎಂದು ಕಾಲೇಜಿನಿಂದ ಉತ್ತರ ಬಂದಿದೆ. ಮೊದಲ ಎರಡು ವರ್ಷವನ್ನು ನಾನು ಹೊಂದಿಸಬಲ್ಲೆ. ಕೊನೆಯ ಎರಡು ವರ್ಷದ ಅರ್ಧವನ್ನು ಸಾಲವಾಗಿ ಕೊಡುವುದಾಗಿ ತಮ್ಮ ಬರಹದಲ್ಲೇ ಒಪ್ಪಿದ್ದಾನೆ. ಅಣ್ಣತಮ್ಮಂದಿರ ನಡುವೆ ಬರಹವೇಕೆ ಎಂದು ನಮ್ಮ ತಾಯಿ ಬೇಸರಪಟ್ಟುಕೊಂಡರೂ ಅದೇ ಒಳ್ಳೆಯದೆಂದು ನನಗೆ ಅನ್ನಿಸಿತು. ಆತುರಪಡದೆ, ಆಗಸ್ಟ್ ಬಿಟ್ಟು ಜನವರಿಯ ಪ್ರವೇಶಕ್ಕೆ ಅರ್ಜಿ ಹಾಕುವುದೆಂದೂ, ಅಷ್ಟರಲ್ಲಿ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಮುಗಿಸುವುದೆಂದೂ ತೀರ್ಮಾನಿಸಿದ್ದೇವೆ.

ಒಂದೇ ಒಂದು ಅನುಮಾನ ಉಳಿದಿದೆ. ಅಂಕಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಎರಡು ಇನಿಶಿಯಲ್ ಇವೆ. ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಮಾತ್ರ ಇದ್ದು ಸರ್‌ನೇಮ್ ಜಾಗ ಖಾಲಿಯಿದೆ. ಇದರಿಂದ ತೊಂದರೆಯೇ?

ಉತ್ತರ 4: ಸರಸ್ವತಿಪುರಂ ನಿವಾಸಿ

ಸರ್, ಈಗಲೇ ಸರಿಪಡಿಸಿಕೊಳ್ಳಿ. ಸರ್‌ನೇಮ್ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಅವಳ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ನನಗೂ ಹಾಗೇ ಆಗಿ, ಮೊದಲ ತಿಂಗಳು ಗ್ರಂಥಾಲಯದ ಕಾರ್ಡಿನಿಂದ ಹಿಡಿದು ಬ್ಯಾಂಕ್ ಖಾತೆಯವರೆಗೆ ಎಲ್ಲ ಕಡೆಯೂ ನಾನು "ಫ್ನು" ಆಗಿದ್ದೆ. ಇನಿಶಿಯಲ್‌ಗಳನ್ನು ಬಿಡಿಸಿ, ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಸರ್‌ನೇಮ್ ಆಗಿ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ. ಅದು ಕೈಗೆ ಬಂದ ಮೇಲೆಯೇ, ಅದರಲ್ಲಿರುವಂತೆಯೇ ಅಕ್ಷರ ತಪ್ಪದೆ, ಟೋಫೆಲ್‌ಗೂ ಕಾಲೇಜಿಗೂ ಹೆಸರು ಕೊಡಿ.