ಅಮಾನತು: ಇಟ್ಟದ್ದೋ, ಬಿಟ್ಟದ್ದೋ?

ಎಲ್ಲರಿಗೂ ನಮಸ್ಕಾರ. ನಮ್ಮ ಭಾವನವರು ಸರ್ಕಾರಿ ನೌಕರರು. ಸಸ್ಪೆಂಡ್ ಆಗಿ 14 ತಿಂಗಳಾಯ್ತು, ಆರೋಪ ಪಟ್ಟಿ ಇನ್ನೂ ಕೈಗೆ ಬಂದಿಲ್ಲ. "ಒಂದು ಮನವಿ ಬರೆದುಕೊಡಪ್ಪ, ನಿನಗೆ ಕನ್ನಡ ಚೆನ್ನಾಗಿ ಬರುತ್ತಲ್ಲ" ಅಂದರು. ಬರೆಯಲು ಕೂತರೆ ಪದಗಳೇ ಕಾಡುತ್ತಿವೆ.

ಆದೇಶದ ಸಾಲು ಹೀಗಿದೆ: "ಇಲಾಖಾ ವಿಚಾರಣೆಯನ್ನು ಕಾಯ್ದಿರಿಸಿ, ತಕ್ಷಣದಿಂದ ಜಾರಿಗೆ ಬರುವಂತೆ ಸೇವೆಯಿಂದ ಅಮಾನತ್ತಿನಲ್ಲಿಡಲಾಗಿದೆ." ಇದರ ವ್ಯಾಕರಣ ನೋಡಿ. "ಸೇವೆಯಿಂದ" ಅಂತ ಹೊರಗೆ ತಳ್ಳುತ್ತೆ, "ಅಮಾನತ್ತಿನಲ್ಲಿ ಇಡು" ಅಂತ ಒಳಗೆ ಇಟ್ಟುಕೊಳ್ಳುತ್ತೆ! ಅಮಾನತು ಅರಬ್ಬಿ ಮೂಲದ ಪದ. ನಂಬಿ ಒಬ್ಬರ ಹತ್ತಿರ ಇಟ್ಟ ವಸ್ತು, ಠೇವಣಿ ಅಂತ ಅರ್ಥ. ಯಾವ ಲೆಕ್ಕಕ್ಕೆ ಸೇರಿಸಬೇಕು ಅಂತ ಗೊತ್ತಾಗದ ಹಣವನ್ನು ಸದ್ಯಕ್ಕೆ ಹಾಕಿಡುವುದೂ ಅಮಾನತು ಖಾತೆಯಲ್ಲೇ. ಅಂದರೆ ಇದು ಶಿಕ್ಷೆಯ ಪದವೇ ಅಲ್ಲ, ತೀರ್ಮಾನ ಆಗೋವರೆಗೆ ಜೋಪಾನವಾಗಿ ತೆಗೆದಿಡುವ ಪದ. ಕಾನೂನೂ ಹಾಗೇ ನೋಡುತ್ತೆ, ಅಮಾನತಾದವರು ಇನ್ನೂ ನೌಕರರೇ, ಜೀವನಾಧಾರ ಭತ್ಯೆ (ಅಮಾನತಿನಲ್ಲಿರುವಾಗ ಸಂಬಳದ ಬದಲು ಕೊಡುವ ಹಣ) ಕೊಡಲೇಬೇಕು. ಕೋಲಾರದ ಚಿನ್ನದ ಗಣಿಯ ನೌಕರರೊಬ್ಬರಿಗೆ ಆ ಭತ್ಯೆ ಕೊಡದೆ, ಅವರು ಬರಲಾಗದೆ ಇದ್ದಾಗ ಅವರಿಲ್ಲದೇ ವಿಚಾರಣೆ ಮುಗಿಸಿದ್ದನ್ನು ಸುಪ್ರೀಂ ಕೋರ್ಟ್ 1999ರಲ್ಲಿ ಒಪ್ಪಲಿಲ್ಲ. (ಕೆಲವರು ಈ ಭತ್ಯೆಯನ್ನು "ಜೀವನಾಂಶ" ಅಂತಲೂ ಬರೆಯುತ್ತಾರೆ. ನನಗೆ ಅದು ಡೈವೋರ್ಸ್ ಕೇಸಿನ ಮಾತಿನ ಹಾಗೆ ಕೇಳಿಸುತ್ತೆ.)

ಆದರೆ ಬೀದಿಯಲ್ಲಿ ಅಮಾನತು ಅಂದರೆ ವಜಾಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೇ. ಭಾವನವರ ವಿಷಯ ಗೊತ್ತಾದ ದಿನ ಪಕ್ಕದ ಮನೆಯವರು ಕೇಳಿದ್ದು, "ಎಷ್ಟು ತಿಂದಿದ್ರಂತೆ?" ಭಾವನವರು ಈಗಲೂ ಅಪ್ಪಣೆ ಇಲ್ಲದೆ ಕೇಂದ್ರಸ್ಥಾನ, ಅಂದರೆ ಇಲಾಖೆ ಗೊತ್ತುಮಾಡಿದ ಊರು, ಬಿಡುವಂತಿಲ್ಲ. ತಂಗಿಯ ಮಗಳ ಮದುವೆಗೆ ಅರ್ಜಿ ಹಾಕಿದ್ದರು, ಅನುಮತಿ ಪತ್ರ ಬಂದದ್ದು ಮದುವೆಯಾಗಿ ಎರಡು ದಿನಕ್ಕೆ. "ಠೇವಣಿಗಾದ್ರೂ ಬಡ್ಡಿ ಬರುತ್ತೆ ಕಣಯ್ಯ" ಅಂತ ಅವರೇ ನಕ್ಕರು.

ಈಗ ಮೊದಲ ಪ್ರಶ್ನೆ. ಕಾನೂನು ಮೀರಿ ಎಳೆದುಕೊಂಡು ಹೋದ ಅಮಾನತನ್ನು ಏನನ್ನಬೇಕು? "ದೀರ್ಘಕಾಲದ ಅಮಾನತು" ಅಂದರೆ ಬರೀ ಉದ್ದ ತಿಳಿಯುತ್ತೆ, ತಪ್ಪು ತಿಳಿಯಲ್ಲ. "ಕಾನೂನುಬಾಹಿರವಾಗಿ ವಿಸ್ತರಿಸಲ್ಪಟ್ಟ" ಅಂದರೆ ಉಸಿರು ಕಟ್ಟುತ್ತೆ. ಅದೂ ಅಲ್ಲದೆ ಇಲ್ಲಿ ಯಾರೂ ವಿಸ್ತರಿಸಿಯೇ ಇಲ್ಲ! ಫೈಲು ಸುಮ್ನೆ ಬಿದ್ದಿದೆ. ಮುಂದುವರಿಸಿದ್ದು ಬೇರೆ, ತಾನಾಗೇ ಮುಂದುವರಿದದ್ದು ಬೇರೆ ಅಲ್ವಾ? ಕಾನೂನು ಹಿಡಿಯುವುದೂ ಇದನ್ನೇ. ಮೂರು ತಿಂಗಳೊಳಗೆ ಆರೋಪ ಪಟ್ಟಿ ಕೊಡದಿದ್ದರೆ ಅಮಾನತು ಆಚೆಗೆ ಹೋಗಬಾರದು, ಕೊಟ್ಟಿದ್ದರೆ ಮುಂದುವರಿಸಲು ಕಾರಣ ಬರೆದು ಆದೇಶ ಮಾಡಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಂದ್ರ ನೌಕರರ ನಿಯಮದಲ್ಲಂತೂ 90 ದಿನದೊಳಗೆ ಪರಿಶೀಲಿಸಿ ಮುಂದುವರಿಸದಿದ್ದರೆ ಆದೇಶ ಊರ್ಜಿತವಲ್ಲ. ಹಾಗಾಗಿ ನಾನು "ಅವಧಿ ಮೀರಿದ ಅಮಾನತು" ಅಂತ ಬರೆದಿದ್ದೇನೆ. ಅವಧಿ ಮೀರಿದ ಮಾತ್ರೆಯ ನೆನಪಾಗುತ್ತೆ, ಆಗಲಿ. ಇದಕ್ಕಿಂತ ಒಳ್ಳೇದು ಹೊಳೆಯುತ್ತಾ?

ಎರಡನೆಯದು ಇನ್ನೂ ಕಷ್ಟ: "ಫೇರ್ ಲೇಬರ್ ಪ್ರಾಕ್ಟೀಸಸ್" ಅನ್ನೋದನ್ನು ಕನ್ನಡದಲ್ಲಿ ಏನನ್ನಬೇಕು? ದಕ್ಷಿಣ ಆಫ್ರಿಕಾದ 1996ರ ಸಂವಿಧಾನದ 23ನೇ ಕಲಮು ಇದನ್ನು ಎಲ್ಲರ ಹಕ್ಕು ಅನ್ನುತ್ತೆ, ಅಲ್ಲಿನ 1995ರ ಕಾರ್ಮಿಕ ಕಾಯ್ದೆ ಅನ್ಯಾಯದ ಅಮಾನತನ್ನೂ ಹೆಸರಿಸಿ ತಪ್ಪು ಅಂತ ಹೇಳುತ್ತೆ. ಆ ಮಾತನ್ನು ಮನವಿಗೆ ತರಬೇಕು ಅಂತ ನನ್ನಾಸೆ. "ನ್ಯಾಯಯುತ ಕಾರ್ಮಿಕ ಪದ್ಧತಿ" ಅಂತ ಬರೆದೆ. ಓದಿ ನನಗೇ ಗಾಬರಿ. ಕನ್ನಡದಲ್ಲಿ "ಕಾರ್ಮಿಕ ಪದ್ಧತಿ" ಬರುವುದೇ ಜೀತ ಕಾರ್ಮಿಕ ಪದ್ಧತಿ, ಬಾಲಕಾರ್ಮಿಕ ಪದ್ಧತಿ ಅಂತ. ನ್ಯಾಯಯುತ ಜೀತ ಕೇಳಿದ ಹಾಗಾಯ್ತು! ಜೊತೆಗೆ ಕಾರ್ಮಿಕ ಅಂದ ಕೂಡಲೇ ಕಾರ್ಖಾನೆ ಕಣ್ಣಿಗೆ ಬರುತ್ತೆ, ಗುಮಾಸ್ತರು ಬರಲ್ಲ.

ನನಗೆ ಹೊಳೆದದ್ದು "ನೌಕರರನ್ನು ನ್ಯಾಯವಾಗಿ ನಡೆಸಿಕೊಳ್ಳುವುದು". ನಡೆಸಿಕೊಳ್ಳೋದು ಮಾಲೀಕರ ಕೆಲಸ ಅಂತ ಕ್ರಿಯಾಪದವೇ ಹೇಳುತ್ತೆ. ಆದರೆ ಮನವಿಯ ತಲೆಬರಹಕ್ಕೆ ಇದು ಉದ್ದ. ಎರಡು ಪದದಲ್ಲಿ ಮುಗಿಯುವಂಥದ್ದು ಯಾರಾದರೂ ಬಳಸಿದ್ದೀರಾ? ಸೋಮವಾರ ಮನವಿ ಕೊಡಬೇಕು, ಅಷ್ಟರಲ್ಲಿ ತಿಳಿಸಿದರೆ ಉಪಕಾರ.